ರುದ್ರಮುನಿ ಟೈಪ್ ಮಾಡಿದ ನಿರ್ಣಯ

ಆಳುವ ಪಕ್ಷದ ಕಚೇರಿಯಲ್ಲಿ ಬೆಳಗಿನಿಂದ ವಾಗ್ವಾದ. ಕೊನೆಗೆ, ಹೆಚ್ಚು ಜಮೀನಿದ್ದವರು ಗೇಣಿದಾರರಿಗೆ ಬಿಟ್ಟುಕೊಡಬೇಕೆಂದು ಎಲ್ಲರೂ ಕೈಯೆತ್ತಿದರು. ಆಮೇಲೆ ಒಬ್ಬೊಬ್ಬರೇ ಟೈಪಿಸ್ಟ್ ರುದ್ರಮುನಿಯ ಮೇಜಿಗೆ ಬಂದರು.

"ಕಾಫಿ ತೋಟಕ್ಕೆ ವಿನಾಯಿತಿ ಹಾಕಯ್ಯಾ."

"ಟ್ರಸ್ಟಿನ ಜಮೀನಿಗೂ ಹಾಕು."

ಅಧ್ಯಕ್ಷರು ತಮ್ಮ ಮಾವನ ಗದ್ದೆಯನ್ನೂ ಸೇರಿಸಲು ಹೇಳಿ, ಕೂರಲಾರದೆ ಅತ್ತಿತ್ತ ಓಡಾಡಿದರು. "ಪತ್ರಿಕೆಯವರು ಹೊರಗೆ ಕಾಯ್ತಿದ್ದಾರೆ. ಚಿಕ್ಕದಾಗಿ ಬರಿ, ಬೇಗ!"

ರುದ್ರಮುನಿಯ ಅಪ್ಪ ಗೇಣಿದಾರ. ಮಗ ತಲೆ ಬಗ್ಗಿಸಿ ಟೈಪ್ ಮಾಡಿ ಕೊಟ್ಟ. ಅಧ್ಯಕ್ಷರು ಓದಿದರು: "ಈ ಕೋಣೆಯಲ್ಲಿರುವವರನ್ನು ಬಿಟ್ಟು ಉಳಿದವರಿಗೆಲ್ಲ ಈ ನಿರ್ಣಯ ಅನ್ವಯಿಸುತ್ತದೆ."

"ಏನಯ್ಯಾ ಇದು?"

"ತಾವೆಲ್ಲ ಹೇಳಿದ್ದೇ ಸಾರ್, ಚಿಕ್ಕದಾಗಿ. ಪತ್ರಿಕೆಯವರಿಗೆ ಕೊಟ್ಟುಬರಲಾ?"

ಅಧ್ಯಕ್ಷರು ಹಾಳೆ ಹರಿದು, ಬಾಗಿಲ ಕಡೆ ನೋಡಿ ಬೆವರೊರೆಸಿಕೊಂಡರು. "ವಿನಾಯಿತಿಯೆಲ್ಲ ತೆಗೆದು ಹೊಸದಾಗಿ ಹೊಡಿ," ಎಂದರು.

ರುದ್ರಮುನಿ ಅಷ್ಟು ಬೇಗ ಯಾವತ್ತೂ ಟೈಪ್ ಮಾಡಿರಲಿಲ್ಲ.