ನರಿ ತಾನೇ ಬರೆದ ಚಿತ್ರ

ಹತ್ತಿರ ಸರಿದು ಕೂತುಕೊಳ್ಳಿ ಮಕ್ಕಳೇ. ಬಾಯಲ್ಲಿರುವ ಕಡಲೆಕಾಯಿ ಅಗಿದು ಮುಗಿಸಿ. ಕಥೆಯ ನಡುವೆ ಕಟಂ ಕಟಂ ಅಂದರೆ ಕಥೆಗೆ ದಾರಿ ತಪ್ಪುತ್ತದೆ. ಹೂಂಗುಟ್ಟುವುದನ್ನು ಮಾತ್ರ ಮರೆಯಬೇಡಿ.

ಒಂದು ಕಾಡಿನಲ್ಲಿ, ಹಳ್ಳದ ಪಕ್ಕಕ್ಕೆ ಒಂದು ಎತ್ತರದ ದಿಬ್ಬವಿತ್ತು. ದಿಬ್ಬದ ತುಂಬ ಬಿಲಗಳು. ಒಂದರಲ್ಲಿ ಹೆಗ್ಗಣಪ್ಪ, ಒಂದರಲ್ಲಿ ಮೊಲ ಮತ್ತು ಅವನ ಬಸುರಿ ಹೆಂಡತಿ, ಹೀಗೆ ಇಪ್ಪತ್ತು ಮನೆ. ಎಲ್ಲಕ್ಕಿಂತ ಮೇಲಿನ ಬಿಲದಲ್ಲಿ ಮುಳ್ಳುಹಂದಿ ದೇವೀರಕ್ಕ ಇದ್ದಳು. ಅವಳ ಅಜ್ಜಿ ತೋಡಿದ ಬಿಲ ಅದು. ಬೆಳಗೆದ್ದರೆ ದೇವೀರಕ್ಕ ಬಾಲದಿಂದ ಅಂಗಳ ಗುಡಿಸುತ್ತಿದ್ದಳು, ನೀರು ಚಿಮುಕಿಸುತ್ತಿದ್ದಳು, ಮೈಯಿಂದ ಉದುರಿದ ಮುಳ್ಳು ಹಿಡಿದು ಒದ್ದೆ ಮಣ್ಣಿನ ಮೇಲೆ ರಂಗೋಲಿ ಗೀರುತ್ತಿದ್ದಳು. ಅದು ಆಗುವ ತನಕ ಬಾಯಿಗೆ ಒಂದು ತುಂಡು ಗೆಣಸೂ ಇಲ್ಲ.

ಒಂದು ದಿನ ನರಿ ಬಂದ. ಬಾಲವನ್ನು ಕೆಮ್ಮಣ್ಣಿನಲ್ಲಿ ಅದ್ದಿಕೊಂಡು ಬಂದಿದ್ದ. ಎಲ್ಲರ ಬಾಗಿಲಿಗೂ ಒಂದೊಂದು ಕೆಂಪು ಗೀಟು ಎಳೆದ.

"ಏನಪ್ಪ ನರಿಯಣ್ಣ, ಹಬ್ಬವೇ?" ಎಂದ ಹೆಗ್ಗಣಪ್ಪ.

"ಹಬ್ಬ ಅಲ್ಲ, ಹುಕುಂ. ಸಿಂಹರಾಜರ ಹುಕುಂ. ಈ ದಿಬ್ಬ ಕುಸಿಯುವ ಹಾಗಿದೆ. ಪ್ರಜೆಗಳ ತಲೆಯ ಮೇಲೆ ಮಣ್ಣು ಬಿದ್ದೀತು ಅಂತ ರಾಜರಿಗೆ ನಿದ್ದೆಯೇ ಇಲ್ಲ. ಗೀಟು ಬಿದ್ದ ಮನೆಯವರು ಮೂರು ದಿನದೊಳಗೆ ಖಾಲಿ ಮಾಡಬೇಕು. ಹಳ್ಳದ ಆಚೆ ನಿಮಗಾಗಿ ಹೊಸ ಬಡಾವಣೆ ಮಾಡಿದ್ದಾರೆ."

"ನನ್ನವಳಿಗೆ ಇವತ್ತೋ ನಾಳೆಯೋ ಅನ್ನುವಂತಿದೆ ಅಣ್ಣ," ಎಂದ ಮೊಲ.

"ಹೊಸ ಮನೆಯಲ್ಲೇ ತೊಟ್ಟಿಲು ಕಟ್ಟು. ಒಳ್ಳೆಯದೇ ಆಗುತ್ತದೆ."

ಅಸಲು ಸಂಗತಿ ಏನು ಗೊತ್ತೇ? ನರಿಯ ಆರು ಜನ ಭಾವಮೈದುನರು ಹೆಂಡಿರು ಮಕ್ಕಳ ಸಮೇತ ಬಂದು ಅವನ ಮನೆಯಲ್ಲಿ ಝಾಂಡಾ ಊರಿದ್ದರು. ಮಲಗಿದರೆ ಒಬ್ಬರ ಬಾಲ ಇನ್ನೊಬ್ಬರ ಮೂಗಿನಲ್ಲಿ. ಅವರನ್ನೆಲ್ಲ ದಿಬ್ಬಕ್ಕೆ ಸಾಗಿಸಬೇಕು ಅನ್ನುವುದು ಅವನ ಹುನ್ನಾರ.

ಪಾಪ, ದೇವೀರಕ್ಕನೂ ನಂಬಿದಳು. ಗಂಟು ಕಟ್ಟಲೂ ಶುರು ಮಾಡಿದಳು. ಆದರೆ ಹೋಗುವ ಮನೆ ಕಣ್ಣಿಂದ ನೋಡದೆ ಹೋಗುವುದು ಹೇಗೆ? ಹಳ್ಳ ದಾಟಿ ಹೋಗಿ ನೋಡಿದಳು. ಬಡಾವಣೆ ಅಂದರೆ ಬರೀ ಮರಳು. ಒಂದು ಗೇಣು ತೋಡಿದಳು, ನೀರು ಬಂತು. ಪಕ್ಕದಲ್ಲಿ ತೋಡಿದಳು, ಮರಳು ಜರಿದು ಗುಂಡಿ ಮುಚ್ಚಿಕೊಂಡಿತು. ಮೊದಲ ಮಳೆಗೆ ಮೊಲದ ಮರಿಗಳು ಇಲ್ಲಿಂದ ತೇಲಿಕೊಂಡು ಹೋಗುತ್ತವೆ ಅಂದುಕೊಂಡಳು.

ಅಲ್ಲಿಂದ ನೇರ ರಾಜನ ಗುಹೆಗೆ ನಡೆದಳು. ಗುಹೆಯ ಬಾಗಿಲು ಕಾಯುವವನು ಯಾರು? ಅದೇ ನರಿ.

"ರಾಜರಿಗೆ ಹಲ್ಲುನೋವು ದೇವೀರಕ್ಕ. ಯಾರನ್ನೂ ನೋಡುವುದಿಲ್ಲ. ನೀನು ಗಂಟು ಕಟ್ಟು ಹೋಗು."

ಹುಕುಂ ರಾಜನದಲ್ಲ, ಇವನದೇ ಇರಬೇಕು ಅಂತ ಹೊಳೆದು, ಚುಚ್ಚಿಬಿಡೋಣ ಅನ್ನಿಸಿತು ಅವಳಿಗೆ. ಅವನೋ ಓಡುವುದರಲ್ಲಿ ಗಟ್ಟಿಗ. ಸುಮ್ಮನೆ ಮನೆಗೆ ಬಂದಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ಅಂಗಳ ಗುಡಿಸಿದಳು, ನೀರು ಹಾಕಿದಳು, ಮುಳ್ಳು ಹಿಡಿದಳು. ಚುಕ್ಕಿ ಇಡಲು ಕೈ ಬರಲಿಲ್ಲ. ದಿಬ್ಬ ಬರೆದಳು. ದಿಬ್ಬದ ತುದಿಯಲ್ಲಿ ನರಿಯನ್ನು ಕೂರಿಸಿದಳು. ಅವನ ತಲೆಗೆ ರಾಜನ ಕಿರೀಟ. ಕಿರೀಟ ದೊಡ್ಡದಾಗಿ ಮೂಗಿನ ತನಕ ಜಾರಿದೆ. ಹೊಟ್ಟೆ ಮಡಕೆಯಂತೆ ಮುಂದಕ್ಕೆ ಬಂದಿದೆ. ಕೆಳಗೆ ಸಾಲಾಗಿ ಗಂಟು ಹೊತ್ತು ಹೊರಟ ಹೆಗ್ಗಣ, ಮೊಲ, ಮೊಲದ ಬಸುರಿ ಹೆಂಡತಿ.

ಹೆಗ್ಗಣಪ್ಪ ಬಂದು ನೋಡಿದ. ಮೀಸೆ ಕುಣಿಯಿತು. ನಕ್ಕೂ ನಕ್ಕೂ ಹೊಟ್ಟೆ ಹಿಡಿದು ಕೂತುಬಿಟ್ಟ. ಮೊಲ ಬಂದ, ಅವನೂ ನಕ್ಕ. ಇಪ್ಪತ್ತು ಮನೆಯವರೂ ಬಂದರು. ನಗುತ್ತ ನಗುತ್ತ ಮೊಲಕ್ಕೆ ಧೈರ್ಯ ಬಂತು.

"ಇವನಿಗೆ ಹೆದರಿಕೊಂಡು ಗಂಟು ಕಟ್ಟಿದೆನಲ್ಲ ನಾನು. ಬಿಚ್ಚುತ್ತೇನೆ," ಎಂದ.

"ನನ್ನದನ್ನೂ ಬಿಚ್ಚಿಕೊಡಪ್ಪ, ಕಗ್ಗಂಟಾಗಿದೆ," ಎಂದ ಹೆಗ್ಗಣಪ್ಪ.

ಅಷ್ಟು ಹೊತ್ತಿಗೆ ನರಿ ಬಂದ. ಗಂಟುಗಳೆಲ್ಲ ಬಿಚ್ಚಿದ್ದವು. ಎಲ್ಲರೂ ಅವನ ಮುಖ ನೋಡುತ್ತಾರೆ, ನೆಲ ನೋಡುತ್ತಾರೆ, ಕಿಸಕ್ಕನೆ ನಗುತ್ತಾರೆ. ನರಿಯೂ ನೆಲ ನೋಡಿದ. ಕಿವಿ ಕೆಂಪಾಯಿತು. ಬಾಲದಿಂದ ಸರಸರ ಚಿತ್ರ ಅಳಿಸಿದ.

"ಅಳಿಸಪ್ಪ. ನಾಳೆ ಇನ್ನೊಂದು ಬರೀತೀನಿ," ಎಂದಳು ದೇವೀರಕ್ಕ. "ಮುಳ್ಳಿಗೇನು ಬರವೇ ನನ್ನ ಮೈಮೇಲೆ?"

ನರಿಗೆ ಮನೆ ಕಸಿಯುವ ಆಸೆಗಿಂತ ಈ ನಗು ನಿಲ್ಲಿಸುವ ಆತುರ ಹೆಚ್ಚಾಯಿತು. ಒಂದೇ ಓಟಕ್ಕೆ ರಾಜನ ಬಳಿ ಹೋದ. "ಮಹಾಸ್ವಾಮಿ, ದಿಬ್ಬದ ದೇವೀರಕ್ಕ ನಿಮ್ಮನ್ನು ಗೇಲಿ ಮಾಡಿ ಚಿತ್ರ ಬರೆದಿದ್ದಾಳೆ," ಎಂದ.

ಸಿಂಹ ಎದ್ದು ಬಂದ. ಅಂಗಳ ನೋಡಿದ. "ಎಲ್ಲಿದೆ?"

"ನಿಮ್ಮ ಮರ್ಯಾದೆ ಕಾಪಾಡಲು ಅಳಿಸಿದೆ ಸ್ವಾಮಿ."

"ಇಲ್ಲದ ಚಿತ್ರಕ್ಕೆ ನಾನು ಯಾರನ್ನು ದಂಡಿಸಲಿ?"

"ಇರಿ, ಇದ್ದದ್ದು ಇದ್ದ ಹಾಗೆ ಬರೆದು ತೋರಿಸುತ್ತೇನೆ," ಎಂದ ನರಿ.

ದೇವೀರಕ್ಕನೇ ಒಂದು ಮುಳ್ಳು ಕೊಟ್ಟಳು. ನರಿ ನಾಲಗೆ ಕಚ್ಚಿಕೊಂಡು ಬರೆಯತೊಡಗಿದ.

"ಹೊಟ್ಟೆ ಸಾಲದು ನರಿಯಣ್ಣ, ಇನ್ನೊಂದಿಷ್ಟು ಬರಲಿ," ಎಂದಳು ದೇವೀರಕ್ಕ.

"ಗೊತ್ತು, ಗೊತ್ತು."

"ಗಂಟು ಹೊತ್ತವರನ್ನು ಬಿಟ್ಟೆಯಲ್ಲ."

"ಬರೆಯುತ್ತಿದ್ದೇನೆ, ತಡಿ."

ಚಿತ್ರ ಮುಗಿಯಿತು. ಸಿಂಹ ಅದರ ಸುತ್ತ ಒಂದು ಸುತ್ತು ಹಾಕಿದ. ನರಿಯ ಕೆಂಪು ಬಾಲ ನೋಡಿದ, ಬಾಗಿಲುಗಳ ಮೇಲಿನ ಕೆಂಪು ಗೀಟು ನೋಡಿದ.

"ಕಿರೀಟ ಇಟ್ಟುಕೊಂಡು ಇವರನ್ನು ಮನೆಯಿಂದ ಓಡಿಸುತ್ತಿರುವವನು ಯಾರು? ನಾನೋ, ನೀನೋ?" ಎಂದ. "ನಾನು ಅನ್ನುವುದಾದರೆ, ಓಡಿಸು ಅಂತ ನಾನು ಯಾವಾಗ ಹೇಳಿದೆ? ನೀನು ಅನ್ನುವುದಾದರೆ, ನನ್ನ ಕಿರೀಟ ನಿನ್ನ ತಲೆಗೆ ಹೇಗೆ ಬಂತು?"

ನರಿ ಹೇಗೆ ಹೇಳಿದರೂ ಸಿಕ್ಕಿಬೀಳುತ್ತಿದ್ದ.

"ಹಲ್ಲುನೋವು ಈಗ ಹೇಗಿದೆ ಬುದ್ಧಿ?" ಎಂದು ಕೇಳಿದಳು ದೇವೀರಕ್ಕ.

"ನನ್ನ ಹಲ್ಲಿಗೆ ಏನಾಗಿದೆ?" ಎಂದು ಸಿಂಹ ಬಾಯಿ ಅಗಲಿಸಿ ಎಲ್ಲ ಹಲ್ಲೂ ತೋರಿಸಿದ. ಎಲ್ಲರೂ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರು. ನರಿ ಎಂಟು ಹೆಜ್ಜೆ ಸರಿದ. ಹಾಗೇ ನಿಂತಲ್ಲೇ ತನ್ನ ಹುನ್ನಾರವನ್ನೆಲ್ಲ ಒಪ್ಪಿಕೊಂಡ.

ಆಮೇಲೆ ಏನಾಯಿತು ಅಂದಿರಾ? ಕೆಂಪು ಗೀಟುಗಳನ್ನೆಲ್ಲ ನರಿಯ ಕೈಯಲ್ಲೇ ಸಿಂಹ ತೊಳೆಸಿದ. ಭಾವಮೈದುನರ ಸಂಸಾರ ಸಮೇತ ಹೊಸ ಬಡಾವಣೆಗೇ ಅವನನ್ನು ಅಟ್ಟಿದ. ಇವತ್ತಿಗೂ ಅವರು ಒಂದು ಮಳೆಗೆ ಒಂದು ಮನೆ ತೋಡುತ್ತಾರೆ. ಮೊಲದ ಹೆಂಡತಿ ಅವತ್ತು ಸಂಜೆಯೇ ದಿಬ್ಬದ ಬಿಲದಲ್ಲಿ ನಾಲ್ಕು ಮರಿ ಹಾಕಿದಳು. ಹೆಗ್ಗಣಪ್ಪ ಬಾಣಂತಿಗೆ ಅಂತ ಗೆಡ್ಡೆ ತಂದ, ಅರ್ಧ ದಾರಿಯಲ್ಲೇ ತಿಂದ. ಸಿಂಹ ಬಾಗಿಲು ಕಾಯುವವರನ್ನೇ ಇಟ್ಟುಕೊಳ್ಳಲಿಲ್ಲ, ಬಂದವರ ಮಾತು ತಾನೇ ಕೇಳಿದ. ದೇವೀರಕ್ಕ ಅಜ್ಜಿಯ ಬಿಲದಲ್ಲೇ ಮುದುಕಿಯಾದಳು, ಮೊಲದ ನಾಲ್ಕೂ ಮರಿಗಳಿಗೆ ಗೀರುವುದನ್ನು ಕಲಿಸಿದಳು.

ನೀತಿ: ದೊಡ್ಡವರ ಹೆಸರು ಹೇಳಿ ಇನ್ನೊಬ್ಬರ ಮನೆ ಕಸಿಯಲು ಹೊರಟವನು ತನ್ನ ಕೈಯಿಂದಲೇ ಸಿಕ್ಕಿಬೀಳುತ್ತಾನೆ, ಹೆದರದೆ ಒಟ್ಟಾಗಿ ನಿಂತು ನಕ್ಕವರ ಮನೆ ಉಳಿಯುತ್ತದೆ.