ಫೋರ್ಕಿನೊಳಗಿನ ನೀರು

ತುಂಗಭದ್ರೆಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಕೆಸರು, ಮರಳು, ಗುಡ್ಡ ಎನ್ನದೆ ಓಡುವ ಬೈಕುಗಳನ್ನು ಬಿಚ್ಚಿ ಜೋಡಿಸುವುದನ್ನು ಮೌನೇಶಪ್ಪ ಅಲ್ಲಿ ಕಲಿಸುತ್ತಿದ್ದರು.

ಕಲಿಯುತ್ತಿದ್ದವರು ಇಬ್ಬರು. ದಾಕ್ಷಾಯಿಣಿ ಬಂದು ಐದು ವರ್ಷವಾಗಿತ್ತು. ಸ್ಪರ್ಧೆಗಳಲ್ಲಿ ಓಡಿಸುವವಳು. ಎಷ್ಟೇ ಕೆಸರು ತುಳಿದು ಬಂದರೂ ಸಂಜೆಗೆ ಅವಳ ಬೈಕು ಹೊಳೆಯುತ್ತಿತ್ತು.

ಇನ್ನೊಬ್ಬ ಯಂಕೋಬ, ನಲವತ್ತು ದಾಟಿದ ಮೇಲೆ ಕಲಿಯಲು ಬಂದವನು. ಅವನ ಉಗುರಿನ ಕಪ್ಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ದಾಕ್ಷಾಯಿಣಿ ಗಾಜಿನ ಲೋಟವೊಂದನ್ನು ಗುರುಗಳ ಮುಂದೆ ಕುಕ್ಕಿದಳು. ಅವಳ ಮೊಣಕೈಗೆ ಬಟ್ಟೆ ಸುತ್ತಿತ್ತು.

"ನೋಡ್ರಿ ಅಜ್ಜಾರ. ನನ್ನ ಬೈಕಿನ ಮುಂದಿನ ಗಾಲಿ ಹಿಡಿಯೋ ಫೋರ್ಕಿಂದ ಇಳಿಸಿದ ಎಣ್ಣಿ. ಯಂಕೋಬಣ್ಣ ಹೊಸದು ಹಾಕಿ ಹದಿನೈದು ದಿನ ಆಗಿಲ್ಲ, ಎಮ್ಮಿ ಹಾಲಿನ ಚಾ ಆಗೇತಿ."

"ಬೈಕ್ ಹೆಂಗ ಓಡತೈತಿ?"

"ತಗ್ಗಿಗೆ ಇಳಿದರ ಫೋರ್ಕು ಧಕ್ಕಿ ತಡಿಯೂದಿಲ್ಲ, ಮೂಗು ನೆಲಕ್ಕ ಹತ್ತತೈತಿ. ನಿನ್ನೆ ಬಿದ್ದೆ."

"ಅದಕ್ಕ?"

"ಅದಕ್ಕ ಅವಂಗ ಹೇಳೇನಿ. ಇಂಥಾ ಕೈ ಎಮ್ಮಿ ಮೈ ತಿಕ್ಕಾಕೂ ಬ್ಯಾಡ, ಮನಿಗೆ ಹೋಗು ಅಂತ. ಇಲ್ಲಿ ಅವ ಇರಬೇಕು, ಇಲ್ಲಾ ನಾ ಇರಬೇಕು."

ಯಂಕೋಬ ಹಾಕಿ ಉಳಿಸಿದ್ದ ಎಣ್ಣೆಯ ಡಬ್ಬಿ ಕಪಾಟಿನಲ್ಲಿತ್ತು. ಗುರುಗಳು ಅದರಿಂದ ಇನ್ನೊಂದು ಲೋಟಕ್ಕೆ ಸುರಿದರು. ಕೆಂಪಗೆ, ತಿಳಿಯಾಗಿ ಇಳಿಯಿತು.

"ಡಬ್ಬಿ ಚೊಲೋ ಐತಿ," ಎಂದಳು ಅವಳು. "ಕೈ ಚೊಲೋ ಇಲ್ಲ."

ಗುರುಗಳು ಎರಡೂ ಲೋಟಗಳನ್ನು ಕಿಟಕಿಯಲ್ಲಿಟ್ಟರು.

"ಕೂಡು."

ಕೂತರು. ಕಿಟಕಿಯಾಚೆ ಹೊಳೆ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಬಿಸಿಲು ಮೊದಲ ಲೋಟದೊಳಗೆ ಇಳಿದು ಮಬ್ಬಿನಲ್ಲಿ ದಾರಿ ತಪ್ಪಿತು. ಮಬ್ಬು ಮೋಡದಂತೆ ಮಗ್ಗುಲು ಬದಲಿಸಿತು. ದಾಕ್ಷಾಯಿಣಿಗೆ ಜೊಂಪು ಹತ್ತಿತೋ ಏನೋ, ಕಣ್ಣು ಬಿಟ್ಟಾಗ ಲೋಟದ ತಳದಲ್ಲಿ ಒಂದು ಬೆರಳಿನಷ್ಟು ನೀರು ನಿಂತಿತ್ತು. ನೀರಿನಡಿ ಏನೋ ಮಿನುಗುತ್ತಿತ್ತು.

"ಲೋಹದ ಪುಡಿ," ಎಂದಳು. "ಒಳಗ ಏನೋ ಸವದೈತಿ. ಸೊಟ್ಟ ಜೋಡಿಸ್ಯಾನ."

ಗುರುಗಳು ಅಯಸ್ಕಾಂತವನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಗಾಜಿಗೆ ಹಚ್ಚಿ ಆಚೀಚೆ ಸರಿಸಿದಳು. ಮಿನುಗು ಮಿಸುಕಲಿಲ್ಲ.

"ಮರಳು," ಎಂದಳು.

"ನೀರು?"

ಅವಳು ಬಗ್ಗಿ ಲೋಟದ ತಳ ನೋಡಿದಳು.

"ಎಣ್ಣಿ ಜೋಡಿ ಅವ ನೀರು ಸುರಿದನೇನು?"

"ಅಷ್ಟು ದಡ್ಡ ಅಲ್ಲ ಬಿಡ್ರಿ."

ಗುರುಗಳು ಎದ್ದು ಬೈಕಿನ ಬಳಿ ಹೋದರು. ಫೋರ್ಕಿನ ಕೊಳವೆ ಒಳಗೆ ಜಾರುವ ಬಾಯಿಗೆ ಒಂದು ರಬ್ಬರಿನ ಮುಚ್ಚಳ ಇರುತ್ತದೆ. ಅದನ್ನು ಎಬ್ಬಿಸಿ, ಒಣ ಪೇಪರಿನ ಚೂರೊಂದನ್ನು ಒಳಗೆ ಸುತ್ತಿ, ಮತ್ತೆ ಒತ್ತಿ ಕೂರಿಸಿದರು.

"ದಿನಾ ಹೆಂಗ ತೊಳಿತಿ, ಹಂಗ ತೊಳಿ."

ಅವಳು ಪಂಪು ಹಚ್ಚಿದಳು. ಪಂಪಿನ ಪೈಪಿನಿಂದ ನೀರು ಸೂಜಿಯಂತೆ ಹೊರಟಿತು. ಬಿಸಿಲಲ್ಲಿ ಕಾಮನಬಿಲ್ಲಿನ ಬಣ್ಣ ಎದ್ದು, ತೇಲಿ, ಕರಗಿತು. ಕೂಸಿನ ಕಿವಿಯ ಹಿಂದೆ ತೊಳೆಯುವವಳಂತೆ ಬಗ್ಗಿ, ಅವಳು ನೀರನ್ನು ನೇರ ಆ ಮುಚ್ಚಳದ ಅಂಚಿಗೇ ಹಿಡಿದಳು.

"ಅಲ್ಲೇ ಯಾಕ?"

"ಮರಳು ಕೂಡೋದು ಇಲ್ಲೇ ಅಲ್ಲೇನ್ರಿ. ದಿನಾ ಎರಡು ಸಲ ಹಿಡೀತೀನಿ. ಒಂದು ಕಾಳು ಬಿಡೂದಿಲ್ಲ."

ಪಂಪು ನಿಂತಿತು. ಗುರುಗಳು ಉಗುರಿನಿಂದ ಮುಚ್ಚಳ ಎಬ್ಬಿಸಿ ಪೇಪರನ್ನು ಎಳೆದು ಅವಳ ಅಂಗೈ ಮೇಲಿಟ್ಟರು. ಅದು ತೊಯ್ದು ಮುದ್ದೆಯಾಗಿತ್ತು. ಮುದ್ದೆಯಲ್ಲಿ ಮರಳು ಮಿನುಗುತ್ತಿತ್ತು.

ಅವಳು ಮುದ್ದೆಯನ್ನು ಬೆರಳಲ್ಲಿ ಹೊಸಕಿದಳು.

"ಈ ರಬ್ಬರು ಮಳೀ ನೀರು ತಡಕೊಳ್ಳತೈತಿ," ಎಂದಳು. "ನನ್ನ ಪಂಪಿನ ನೀರು ತಡಕೊಳ್ಳೂದಿಲ್ಲ."

ಗುರುಗಳು ಮುಚ್ಚಳವನ್ನು ಒತ್ತಿ ಕೂರಿಸಿದರು.

"ಯಂಕೋಬಣ್ಣ ಎಲ್ಲಿ?"

"ಚೀಲ ಹಿಡಕೊಂಡು ದಂಡಿಗೆ ಹೋಗ್ಯಾನ. ಹರಿಗೋಲಿನಾಗ ಕೂತಾನ."

"ನೀವು ತಡೀಬೇಕಿತ್ತು."

"ಹೋಗು ಅಂದಾಕಿ ನೀನು."

ಅವಳು ಹೊಳೆಯತ್ತ ನೋಡಿದಳು. ಐದು ಮಂದಿ ಆದರೆ ಹರಿಗೋಲು ಬಿಡುತ್ತದೆ. ನಾಲ್ಕು ತಲೆ ಕಾಣುತ್ತಿದ್ದವು. ಐದನೆಯವಳು ಬುಟ್ಟಿ ಹೊತ್ತು ಮರಳಿನಲ್ಲಿ ನಿಧಾನ ಇಳಿಯುತ್ತಿದ್ದಳು.

ದಾಕ್ಷಾಯಿಣಿಯ ಮೊಣಕೈವರೆಗೂ ಎಣ್ಣೆ, ಮರಳು. ಅವಳು ನಲ್ಲಿ ತಿರುಗಿಸಿ ಸೋಪಿಗೆ ಕೈ ಚಾಚಿದಳು.

"ಮಾರಿ ತೊಳಕೊಂಡು, ಅವಂಗ ಏನು ಹೇಳಬೇಕು ಅಂತ ಒಂದೀಟು ವಿಚಾರ ಮಾಡಿ ಹೋಗತೀನ್ರಿ."

ಗುರುಗಳು ನಲ್ಲಿ ಬಂದ್ ಮಾಡಿದರು.

"ಹೆಂಗ ಅದಿ ಹಂಗ ಹೋಗವಾ."