ಹಣೆಗೆ ಇಟ್ಟ ಮುತ್ತು

ಶಿಷ್ಯ ಕೇಳಿದ: "ಗುರುಗಳೇ, ರಷ್ಯಾದಲ್ಲಿ ಕ್ರಾಂತಿಯಾಯಿತು. ದೇವರು ಬೇಡವೆಂದು ಅಲ್ಲಿನ ಸರ್ಕಾರವೇ ಹೇಳಿತು. ಆದರೂ ಅಲ್ಲಿನ ಕವಿಗಳು ಕ್ರಿಸ್ತ, ಶಿಲುಬೆ ಎಂದೇ ಬರೆದರಲ್ಲ. ಆ ಕ್ರಿಸ್ತ ಯಾವುದರ ಸಂಕೇತ?"

ಈ ಶಿಷ್ಯನಿಗೆ ಏನನ್ನು ಓದಿದರೂ ಅದರ ಅರ್ಥವನ್ನು ಪೊಟ್ಟಣ ಕಟ್ಟಿ ಕೈಗೆ ಕೊಡಬೇಕು. ಗುರುಗಳಿಗೆ ರೇಗಿತು. ಆದರೂ ಕತೆ ಹೇಳಿದರು.

ಆ ದೇಶದಲ್ಲಿ ಒಬ್ಬ ಕವಿಯಿದ್ದ. ಶುಭ ಶುಕ್ರವಾರದಂದು ಅಲ್ಲಿನ ಚರ್ಚುಗಳಲ್ಲಿ, ಸತ್ತ ಕ್ರಿಸ್ತನ ಚಿತ್ರವಿರುವ ಬಟ್ಟೆಯೊಂದನ್ನು ಹೆಣ ಮಲಗಿಸಿದ ಹಾಗೆ ನಡುವೆ ಮಲಗಿಸುತ್ತಾರೆ. ಜನ ಬಗ್ಗಿ ಚಿತ್ರದ ಪಾದಕ್ಕೆ ಮುತ್ತಿಡುತ್ತಾರೆ. ಆ ವರ್ಷ ಕವಿ ನೋಡುತ್ತಿದ್ದಾಗ, ಅವನ ಬೀದಿಯ ಒಬ್ಬ ಮುದುಕಿ ಪಾದ ಬಿಟ್ಟು ಹಣೆಗೆ ಮುತ್ತಿಟ್ಟಳು. ಅಲ್ಲಿನವರು ಹಾಗೆ ಹಣೆಗೆ ಮುತ್ತಿಡುವುದು ತಮ್ಮ ಮನೆಯವರು ಸತ್ತಾಗ, ಮಣ್ಣು ಮಾಡುವ ಮುಂಚೆ. ಆಕೆಯ ಮಗನನ್ನು ಸರ್ಕಾರದವರು ಗುಂಡಿಟ್ಟು ಕೊಂದಿದ್ದರು, ಹೆಣವನ್ನೂ ಕೊಟ್ಟಿರಲಿಲ್ಲ. ಅವನ ಹೆಸರು ಹೇಳಿ ಅತ್ತರೆ ಅದೂ ಅಪರಾಧವಾಗುತ್ತಿತ್ತು. ಕವಿ ಮನೆಗೆ ಹೋಗಿ, ಕ್ರಿಸ್ತನ ಹಣೆಗೆ ಮುತ್ತಿಟ್ಟ ತಾಯಿಯ ಮೇಲೆ ಒಂದು ಪದ್ಯ ಬರೆದ. ಅದು ಕೈಯಿಂದ ಕೈಗೆ ಊರೆಲ್ಲ ತಿರುಗಿತು.

ಅಲ್ಲಿಂದ ಅವನ ನೆಮ್ಮದಿ ಹೋಯಿತು. ಕ್ರಿಸ್ತನೆಂದರೆ ರಷ್ಯಾ ಎಂದ ಒಬ್ಬ ಪಂಡಿತ. ಅಲ್ಲ, ಕ್ರಾಂತಿ ಎಂದ ಇನ್ನೊಬ್ಬ. ಪಾದ್ರಿ ಬಂದು, ಮುತ್ತಿಡಬೇಕಾದದ್ದು ಪಾದಕ್ಕೆ, ಅಷ್ಟೂ ತಿಳಿಯದವನು ಯಾಕೆ ಬರೆಯಲು ಹೋದೆ ಎಂದು ಗದರಿದ. ರೊಟ್ಟಿ ಕೊಳ್ಳಲು ಸಾಲಿನಲ್ಲಿ ನಿಂತರೂ ಬಿಡದೆ ತೋಳು ಹಿಡಿದು ಅರ್ಥ ಕೇಳುವವರೇ. ವರ್ಷವಿಡೀ ಇದೇ ಗೋಳು. ಮತ್ತೊಂದು ಶುಭ ಶುಕ್ರವಾರ ಕಳೆಯುವ ಹೊತ್ತಿಗೆ ಕವಿಗೆ ತಲೆ ಚಿಟ್ಟುಹಿಡಿದು ಹೋಗಿತ್ತು. ಇವರ ಬಾಯಿ ಮುಚ್ಚಿಸಲೇಬೇಕು, ಆ ಹುಡುಗನ ಹೆಸರನ್ನೇ ಬರೆದುಬಿಡುತ್ತೇನೆ, ಜೈಲಾದರೆ ಆಗಲಿ ಎಂದುಕೊಂಡು ಮುದುಕಿಯ ಮನೆಗೆ ನಡೆದ.

"ಅಮ್ಮಾ, ನಿಮ್ಮ ಮಗನ ಹೆಸರು ಹೇಳಿ. ಪದ್ಯದಲ್ಲಿ ಕ್ರಿಸ್ತನನ್ನು ತೆಗೆದು ಅವನನ್ನೇ ಇಡುತ್ತೇನೆ."

ಮುದುಕಿ ಗಾಬರಿಬಿದ್ದು ಅವನನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು.

"ಬೇಡಪ್ಪ, ನಿನ್ನ ದಮ್ಮಯ್ಯ. ಸರ್ಕಾರದವರು ಚರ್ಚಿಗೆ ಬೀಗ ಜಡಿದರು, ಆ ಬಟ್ಟೆಯನ್ನೂ ಹೊತ್ತುಕೊಂಡು ಹೋದರು. ಈ ಸಲ ನಮಗೆ ಉಳಿದದ್ದು ನಿನ್ನ ಪದ್ಯ ಒಂದೇ. ಮಗನನ್ನು ಕಳಕೊಂಡ ಹೆಂಗಸರೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ. ಶುಕ್ರವಾರ ನಮ್ಮ ನಮ್ಮ ಮಕ್ಕಳನ್ನು ಅದರಲ್ಲೇ ಮಲಗಿಸಿಕೊಂಡು ಅತ್ತೆವು. ಈಗ ನೀನು ನನ್ನ ಮಗನ ಹೆಸರು ಹಾಕಿದರೆ ಉಳಿದವರ ಮಕ್ಕಳು ಅಲ್ಲಿಂದ ಏಳಬೇಕಲ್ಲಪ್ಪ. ಅವರು ಎಲ್ಲಿಗೆ ಹೋಗಬೇಕು?"

ಕವಿ ಬಂದ ದಾರಿಯಲ್ಲೇ ಹಿಂತಿರುಗಿದ. ಪದ್ಯದ ಒಂದಕ್ಷರವನ್ನೂ ಮುಟ್ಟಲಿಲ್ಲ. ಪಂಡಿತರು ಆಮೇಲೂ ಅವನನ್ನು ಹಿಡಿದು ನಿಲ್ಲಿಸಿ ಪೀಡಿಸಿದರು. ಅವನು ತೋಳು ಬಿಡಿಸಿಕೊಂಡು ರೊಟ್ಟಿಯ ಸಾಲಿನಲ್ಲಿ ಮುಂದೆ ಸರಿದ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ:

"ಎಲ್ಲ ಸರಿ ಗುರುಗಳೇ. ಆದರೆ ಕೊನೆಗೂ ಆ ಹಣೆ ಯಾರದು?"

"ಬಗ್ಗಿ ಮುತ್ತಿಟ್ಟವರು ಯಾರೂ ಅದನ್ನು ಕೇಳಲಿಲ್ಲವಯ್ಯಾ" ಎಂದರು ಗುರುಗಳು.